ಪೆನ್‌ಡ್ರೈವಿನಲ್ಲಿ ಬಂದ ನವಿಲು

ಸೀರೆಗಿಂತ ರವಿಕೆಗೇ ಹೆಚ್ಚು ದುಡ್ಡು ಕೊಡುವ ಕಾಲ ಇದು. ಎರಡು ಸಾವಿರದ ಸೀರೆಗೆ ಮೂರು ಸಾವಿರದ ಬ್ಲೌಸ್ ಹೊಲಿಸಿದರೆ ಯಾರೂ ಹುಬ್ಬೇರಿಸುವುದಿಲ್ಲ. ಮದುವೆ ಸೀಸನ್ನಿನಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಪೇಟೆಗಳ ಟೈಲರ್ ಅಂಗಡಿಗಳ ಕಡೆ ಒಮ್ಮೆ ಕಣ್ಣು ಹಾಯಿಸಿ. ಬೆನ್ನಿನ ಮೇಲೆ ನವಿಲು, ತೋಳಿನ ಮೇಲೆ ಮಾವಿನಕಾಯಿ, ಕತ್ತಿನ ಸುತ್ತ ಬಳ್ಳಿ. ಕೈಯಲ್ಲಿ ಮಾಡಿದ ಆರಿ ವರ್ಕಿಗೆ ಒಂದು ದರ, ಕಂಪ್ಯೂಟರ್ ಎಂಬ್ರಾಯ್ಡರಿಗೆ ಇನ್ನೊಂದು.

ಆರಿ ಸೂಜಿ ಹಿಡಿದ ಇಬ್ಬರು ಮಾಡಿದ ನವಿಲುಗಳು ಒಂದರಂತೆ ಇನ್ನೊಂದು ಇರುವುದಿಲ್ಲ. ಕಂಪ್ಯೂಟರ್ ಎಂಬ್ರಾಯ್ಡರಿಯ ನವಿಲು ಹಾಗಲ್ಲ. ಎಚ್.ಡಿ. ಕೋಟೆಯಲ್ಲಿ ಕಂಡದ್ದೇ ಕೆ.ಆರ್. ನಗರದಲ್ಲಿ, ಅಲ್ಲಿ ಕಂಡದ್ದೇ ಬೆಂಗಳೂರಿನ ಚಿಕ್ಕಪೇಟೆಯಲ್ಲಿ. ಏಕೆಂದರೆ ಆ ನವಿಲು ಹೊಲಿದವರದ್ದಲ್ಲ. ಎಲ್ಲೋ ಯಾರೋ ಮಾಡಿ ಮಾರಿದ ಫೈಲು ಪೆನ್‌ಡ್ರೈವಿನಲ್ಲಿ ಬಂದು ಯಂತ್ರ ಸೇರಿದೆ. ಅಂಗಡಿಯವರು ಅದನ್ನು ತಿರುಗಿಸಬಹುದು, ತುಸು ಹಿಗ್ಗಿಸಬಹುದು, ದಾರದ ಬಣ್ಣ ಬದಲಿಸಬಹುದು. ‘ಅಕ್ಕಾ, ಈ ಬಾಲ ಒಂಚೂರು ಉದ್ದ ಮಾಡ್ಕೊಡಿ, ನಮ್ಮ ಸೀರೆ ಸೆರಗಲ್ಲಿ ಇರೋ ಥರ’ ಎಂದು ಗಿರಾಕಿ ಕೇಳಿದರೆ ಮಾತ್ರ ಕೈಚೆಲ್ಲಬೇಕು.

ಆ ಬಾಲವನ್ನು ಉದ್ದ ಮಾಡುವ ವಿದ್ಯೆ ದುಬಾರಿಯದ್ದಲ್ಲ. ಅದರ ದೊಡ್ಡ ಪಾಲು ಹೊಲಿಗೆ ಬಲ್ಲವರಿಗೆ ಆಗಲೇ ಗೊತ್ತಿದೆ. ಉಳಿದದ್ದನ್ನು ಕಲಿಯಲು ಬ್ಲಾಕ್ ಕೋಡಿಂಗ್ ಎಂಬ ಸಲೀಸಾದ ದಾರಿಯಿದೆ. ಈ ವಾರ ಆ ದಾರಿಯ ಪರಿಚಯ.

ಮೊದಲು ಯಂತ್ರದ ವಿಚಾರ. ಎಂಬ್ರಾಯ್ಡರಿ ಯಂತ್ರಕ್ಕೆ ನವಿಲೂ ಗೊತ್ತಿಲ್ಲ, ಬಳ್ಳಿಯೂ ಗೊತ್ತಿಲ್ಲ. ಮುಂದಿನ ಸಲ ಸೂಜಿ ಎಲ್ಲಿ ಚುಚ್ಚಬೇಕು ಎಂಬುದಷ್ಟೇ ಅದಕ್ಕೆ ಬೇಕು. ಸೂಜಿ ನಿಂತಲ್ಲೇ ಮೇಲೆ ಕೆಳಗೆ ಆಡುತ್ತದೆ. ಬಟ್ಟೆ ಬಿಗಿದ ಫ್ರೇಮನ್ನು ಅದರಡಿ ಎರಡು ಮೋಟಾರುಗಳು ಸರಿಸುತ್ತವೆ: ಒಂದು ಎಡಕ್ಕೂ ಬಲಕ್ಕೂ, ಇನ್ನೊಂದು ಹಿಂದಕ್ಕೂ ಮುಂದಕ್ಕೂ. ಹೀಗಾಗಿ ಡಿಸೈನ್ ಫೈಲಿನೊಳಗೆ ಚಿತ್ರ ಇರುವುದಿಲ್ಲ, ಚಲನೆಗಳ ಪಟ್ಟಿ ಇರುತ್ತದೆ. ಜಪಾನಿನ ತಾಜಿಮಾ ಕಂಪನಿಯ ಯಂತ್ರಗಳಿಂದ ಹೊರಟು ಈಗ ಬಹುಪಾಲು ವಾಣಿಜ್ಯ ಯಂತ್ರಗಳು ಓದುವ ಡಿಎಸ್‌ಟಿ ಫೈಲನ್ನೇ ತೆಗೆದುಕೊಳ್ಳಿ. ಮೊದಲ 512 ಬೈಟ್‌ಗಳಲ್ಲಿ ಡಿಸೈನಿನ ಹೆಸರು, ಹೊಲಿಗೆಗಳ ಸಂಖ್ಯೆ, ಉದ್ದಗಲ. ಆಮೇಲೆ ಒಂದೊಂದು ಹೊಲಿಗೆಗೆ ಮೂರೇ ಬೈಟ್: ಇಷ್ಟು ಬಲಕ್ಕೆ, ಇಷ್ಟು ಮುಂದಕ್ಕೆ. ಅಳತೆ ಮಿಲಿಮೀಟರಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ. ಒಂದು ಚಲನೆ ಯಾವ ದಿಕ್ಕಿಗೂ 12.1 ಮಿಲಿಮೀಟರ್ ಮೀರುವಂತಿಲ್ಲ; ಅದಕ್ಕಿಂತ ದೂರ ಹೋಗಬೇಕಾದರೆ ಹೊಲಿಯದೆ ಹಾರಿ ಹೋಗಬೇಕು. ಬಣ್ಣ ಯಾವುದೆಂದು ಫೈಲಿನಲ್ಲಿ ಬರೆದಿರುವುದಿಲ್ಲ, ‘ಇಲ್ಲಿ ನಿಲ್ಲು, ದಾರ ಬದಲಿಸು’ ಎಂಬ ಸೂಚನೆ ಮಾತ್ರ. ಒಂದೇ ಫೈಲಿನ ನವಿಲು ಒಬ್ಬರ ಅಂಗಡಿಯಲ್ಲಿ ನೀಲಿ, ಪಕ್ಕದ ಅಂಗಡಿಯಲ್ಲಿ ಕೆಂಪು ಆಗುವುದು ಇದರಿಂದಲೇ.

ಬಾಲ ಉದ್ದವಾಗದೆ ಇರುವುದಕ್ಕೂ ಕಾರಣ ಇಲ್ಲೇ ಇದೆ. ಸಾವಿರಾರು ಚಲನೆಗಳ ಪಟ್ಟಿಯಲ್ಲಿ ಬಾಲ ಎಲ್ಲಿ ಶುರುವಾಯಿತು, ರೆಕ್ಕೆ ಎಲ್ಲಿ ಮುಗಿಯಿತು ಎಂಬ ಗುರುತೇ ಉಳಿದಿರುವುದಿಲ್ಲ. ಚಿತ್ರವನ್ನು ಹೊಲಿಗೆಯ ಪಟ್ಟಿಯಾಗಿ ಮಾಡುವ ಕೆಲಸಕ್ಕೆ ಡಿಜಿಟೈಸಿಂಗ್ ಎನ್ನುತ್ತಾರೆ. ಅದಕ್ಕೆ ಬೇಕಾದ ವೃತ್ತಿಪರ ಸಾಫ್ಟ್‌ವೇರು ಸಣ್ಣ ಅಂಗಡಿಯ ಕೈಗೆಟುಕುವ ಬೆಲೆಯದ್ದಲ್ಲ. ಹಾಗಾಗಿ ಆ ಕೆಲಸ ನಗರದಲ್ಲಿ ನಡೆಯುತ್ತದೆ, ತಾಲ್ಲೂಕಿನಲ್ಲಿ ಯಂತ್ರವಷ್ಟೇ ಓಡುತ್ತದೆ.

ಪಟ್ಟಿಯನ್ನು ಕೈಯಲ್ಲಿ ಬರೆಯುವ ಬದಲು, ಪಟ್ಟಿಯನ್ನು ಹುಟ್ಟಿಸುವ ನಿಯಮವನ್ನು ಬರೆದರೆ ಹೇಗೆ? ಪ್ರೋಗ್ರಾಮ್ ಎಂದರೆ ಇಷ್ಟೇ. ಹುಣಸೂರು, ಪಿರಿಯಾಪಟ್ಟಣದ ಕಡೆ ಇದನ್ನು ಹೊಗೆಸೊಪ್ಪಿನ ಬ್ಯಾರನ್ ಮುಂದೆ ಕೂತು ಅರ್ಥ ಮಾಡಿಸಬಹುದು. ಸೊಪ್ಪು ಕಟ್ಟಲು ಹೊಸದಾಗಿ ಬಂದವಳಿಗೆ ಸಾವಿರ ಎಲೆಗೆ ಸಾವಿರ ಮಾತು ಯಾರೂ ಹೇಳುವುದಿಲ್ಲ. ‘ಎಲೆ ಜೋಡಿಸಿ ಹಿಡ್ಕೊ, ಕಡ್ಡಿಯ ಈ ಕಡೆಗೊಂದು ಸಲ, ಆ ಕಡೆಗೊಂದು ಸಲ ಇಟ್ಟು ದಾರ ಸುತ್ತಿ ಬಿಗಿ. ಕಡ್ಡಿ ತುಂಬೋಗಂಟ ಹಂಗೇ ಮಾಡು’ ಎಂದರೆ ಮುಗಿಯಿತು. ಒಂದು ಕೆಲಸ, ಅದನ್ನು ಮತ್ತೆ ಮತ್ತೆ ಮಾಡುವ ಕ್ರಮ, ಎಲ್ಲಿ ನಿಲ್ಲಬೇಕೆಂಬ ಷರತ್ತು. ಪ್ರೋಗ್ರಾಮಿಗೆ ಬೇಕಾದ ಮೂರೂ ಆ ಮಾತಿನಲ್ಲಿವೆ.

ಇಂಥ ಮಾತನ್ನು ಕಂಪ್ಯೂಟರಿಗೆ ಮಕ್ಕಳೂ ಹೇಳುವಂತಾಗಬೇಕು ಎಂದು ಹೊರಟವರು 1967ರಲ್ಲಿ ಅಮೆರಿಕದ ಮಸಾಚುಸೆಟ್ಸ್‌ನಲ್ಲಿ ‘ಲೋಗೊ’ ಭಾಷೆ ರೂಪಿಸಿದ ವಾಲಿ ಫೋಯರ್ಜೈಗ್, ಸೆಮೂರ್ ಪೇಪರ್ಟ್, ಸಿಂಥಿಯಾ ಸಾಲೊಮನ್ ಮತ್ತು ಸಂಗಡಿಗರು. ಕೆಲವೇ ವರ್ಷಗಳಲ್ಲಿ ಲೋಗೊಗೆ ಒಂದು ಆಮೆ ಜೊತೆಯಾಯಿತು. ‘ಮುಂದೆ ಹೋಗು’, ‘ಬಲಕ್ಕೆ ತಿರುಗು’ ಎಂದರೆ ಆಮೆ ನಡೆಯುತ್ತದೆ. ನಡೆದ ದಾರಿಯಲ್ಲಿ ಪೆನ್ನಿನ ಗೆರೆ ಮೂಡುತ್ತದೆ. ಚೌಕ ಹೇಗೆ ಬರೆಯಬೇಕೆಂದು ತೋಚದಿದ್ದರೆ ಮಗು ತಾನೇ ಎದ್ದು ಚೌಕಾಕಾರ ನಡೆದು ನೋಡಬಹುದು. ಗಣಿತ ಮೈಗೆ ಹತ್ತುವುದು ಹೀಗೆ ಎಂದು ಪೇಪರ್ಟ್ 1980ರಲ್ಲಿ ಪ್ರಕಟವಾದ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕದಲ್ಲಿ ವಾದಿಸಿದರು. ಆದರೆ ಲೋಗೊದಲ್ಲಿ ಆಜ್ಞೆಗಳನ್ನು ಟೈಪ್ ಮಾಡಬೇಕಿತ್ತು. ಒಂದಕ್ಷರ ತಪ್ಪಿದರೆ ಆಮೆ ಮುಷ್ಕರ ಹೂಡುತ್ತಿತ್ತು. 2007ರಲ್ಲಿ ಅಮೆರಿಕದ ಎಂಐಟಿಯಿಂದ ಬಂದ ‘ಸ್ಕ್ರ್ಯಾಚ್’ ಈ ಕಾಟ ತಪ್ಪಿಸಿತು. ಅಲ್ಲಿ ಪ್ರತಿ ಆಜ್ಞೆಯೂ ಒಂದು ಬಣ್ಣದ ತುಂಡು. ಎಳೆದು ತಂದು ಒಂದರ ಕೆಳಗೊಂದು ಕಚ್ಚಿಸಿದರೆ ಪ್ರೋಗ್ರಾಮ್ ಸಿದ್ಧ. ಹೊಂದದ ತುಂಡುಗಳು ಕಚ್ಚಿಕೊಳ್ಳುವುದೇ ಇಲ್ಲ.

ಇದೇ ಮಾದರಿಯನ್ನು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬ್ರಯನ್ ಹಾರ್ವಿ ಮತ್ತು ಜರ್ಮನಿಯ ಯೆನ್ಸ್ ಮೋನಿಗ್ ಇನ್ನೂ ಮುಂದಕ್ಕೆ ಒಯ್ದು ‘ಸ್ನ್ಯಾಪ್’ ರೂಪಿಸಿದರು. ತಮಗೆ ಬೇಕಾದ ಹೊಸ ಬ್ಲಾಕನ್ನು ಬಳಸುವವರೇ ಮಾಡಿಕೊಳ್ಳಬಹುದು ಎಂಬುದು ಅದರ ಹೆಚ್ಚುಗಾರಿಕೆ. ಅದರ ಭಾಷಾಪಟ್ಟಿಯಲ್ಲಿ ಕನ್ನಡವೂ ಇದೆ. ಈ ಸ್ನ್ಯಾಪ್‌ನ ಆಮೆಯ ಕೈಗೆ ಪೆನ್ನಿನ ಬದಲು ಸೂಜಿ ಕೊಟ್ಟವರು ವಿಯೆನ್ನಾದ ಆಂಡ್ರಿಯಾ ಮಯರ್-ಸ್ಟಾಲ್ಡರ್ ಮತ್ತು ಅವರ ತಂಡ. ಅವರ ‘ಟರ್ಟಲ್‌ಸ್ಟಿಚ್’ ಉಚಿತ. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಬ್ರೌಸರ್‌ನಲ್ಲೇ ನಡೆಯುತ್ತದೆ. ಸಾದಾ ಹೊಲಿಗೆ, ಜಿಗ್‌ಜ್ಯಾಗ್, ಸ್ಯಾಟಿನ್, ಕ್ರಾಸ್ ಸ್ಟಿಚ್ ಇವಕ್ಕೆಲ್ಲ ಒಂದೊಂದು ಬ್ಲಾಕ್ ಉಂಟು. ಮುಗಿದ ಕೂಡಲೇ ಡಿಎಸ್‌ಟಿ ಫೈಲಾಗಿ ಇಳಿಸಿಕೊಳ್ಳಬಹುದು. ಬೇರೆ ಮಾದರಿಯ ಫೈಲು ಕೇಳುವ ಮನೆಬಳಕೆಯ ಬ್ರದರ್, ಜನೋಮ್ ಯಂತ್ರಗಳಿಗೆ ‘ಇಂಕ್‌ಸ್ಟಿಚ್’ ಎಂಬ ಇನ್ನೊಂದು ಉಚಿತ ತಂತ್ರಾಂಶ ಅದನ್ನು ಬದಲಿಸಿ ಕೊಡುತ್ತದೆ.

ಒಂದು ಉದಾಹರಣೆ ಮಾಡಿ ನೋಡೋಣ. ಟರ್ಟಲ್‌ಸ್ಟಿಚ್‌ನಲ್ಲಿ ಆಮೆಯ ಐದು ಹೆಜ್ಜೆ ಸೇರಿದರೆ ಬಟ್ಟೆಯ ಮೇಲೆ ಒಂದು ಮಿಲಿಮೀಟರ್. ಬ್ಲಾಕುಗಳನ್ನು ಕನ್ನಡದಲ್ಲಿ ಓದಿದರೆ ಹೀಗಿರುತ್ತದೆ:

ಸಾದಾ ಹೊಲಿಗೆ, ಉದ್ದ 10 ಹೆಜ್ಜೆ
8 ಸಲ ಮಾಡು:
  50 ಹೆಜ್ಜೆ ಮುಂದೆ ಹೋಗು
  45 ಡಿಗ್ರಿ ಬಲಕ್ಕೆ ತಿರುಗು

ಹೊಲಿಗೆಯ ಉದ್ದ ಎರಡು ಮಿಲಿಮೀಟರ್, ಬಾಹುವಿನ ಉದ್ದ ಒಂದು ಸೆಂಟಿಮೀಟರ್. ಬಾಹುವಿಗೆ ಐದರಂತೆ 40 ಹೊಲಿಗೆಗಳ ಅಷ್ಟಭುಜ. ಎಂಟು ಸಲ 45 ಡಿಗ್ರಿ ತಿರುಗಿದರೆ ಒಟ್ಟು 360. ಎಂಟನೇ ತರಗತಿಯ ಗಣಿತದಲ್ಲಿ ಬರುವ ‘ಬಹುಭುಜಾಕೃತಿಯ ಹೊರಕೋನಗಳ ಮೊತ್ತ 360 ಡಿಗ್ರಿ’ ಎಂಬ ಪಾಠ ಇಲ್ಲಿ ದಾರದಲ್ಲಿ ಪರೀಕ್ಷೆಗೆ ಒಳಗಾಗುತ್ತದೆ. ಕೋನ ತಪ್ಪಿದರೆ ಗೆರೆ ಕೂಡುವುದಿಲ್ಲ, ಬಟ್ಟೆಯ ಮೇಲೆ ಬಾಯಿ ಬಿಟ್ಟುಕೊಂಡಿರುತ್ತದೆ.

ಈಗ ಈ ಅಷ್ಟಭುಜವನ್ನೇ ಒಂದು ಹೊಸ ಬ್ಲಾಕ್ ಮಾಡಿ ‘ಎಸಳು’ ಎಂದು ಹೆಸರಿಡಿ. ‘8 ಸಲ ಮಾಡು: ಎಸಳು ಹೊಲಿ, 45 ಡಿಗ್ರಿ ತಿರುಗು’ ಎಂದರೆ ಎಂಟು ಅಷ್ಟಭುಜಗಳು ಒಂದೇ ಬಿಂದುವಿನ ಸುತ್ತ ಅರಳಿ, ಸುಮಾರು ಐದು ಸೆಂಟಿಮೀಟರ್ ಅಗಲದ ಹೂವಾಗುತ್ತದೆ. ಒಟ್ಟು 320 ಹೊಲಿಗೆ. ನಿಮಿಷಕ್ಕೆ 400 ಹೊಲಿಗೆ ಹಾಕುವ ಸಣ್ಣ ಯಂತ್ರವೂ ಅದನ್ನು ನಿಮಿಷದೊಳಗೆ ಮುಗಿಸುತ್ತದೆ. ಪರದೆಯ ಮೇಲೆ ಹೂವು ಅಂದವಾಗಿ ಕಾಣುತ್ತದೆ. ಇಲ್ಲಿಂದ ಮುಂದೆ ಕಂಪ್ಯೂಟರ್ ಬಲ್ಲವರ ಜ್ಞಾನ ಮುಗಿದು ಟೈಲರ್ ಜ್ಞಾನ ಶುರುವಾಗುತ್ತದೆ.

ಹೂವಿನ ನಡುವಿನ ಬಿಂದುವನ್ನು ನೋಡಿ. ಪ್ರತಿ ಎಸಳೂ ಅಲ್ಲೇ ಹುಟ್ಟಿ ಅಲ್ಲೇ ಮುಗಿಯುತ್ತದೆ. ಅಂದರೆ ಒಂದೇ ಜಾಗಕ್ಕೆ ಸೂಜಿ ಎಂಟೊಂಬತ್ತು ಸಲ ಚುಚ್ಚುತ್ತದೆ. ಗಟ್ಟಿ ಕಾಟನ್ ತಾಳಿಕೊಂಡೀತು. ಎಸಳಿನ ಸಂಖ್ಯೆಯನ್ನು 36ಕ್ಕೆ ಏರಿಸಿ, ತೆಳು ರೇಷ್ಮೆಯ ಮೇಲೆ ಹೊಲಿಯಿರಿ: ನಡುವೆ ತೂತು ಬೀಳುತ್ತದೆ, ಇಲ್ಲವೇ ದಾರ ಗಂಟುಕಟ್ಟಿ ಸೂಜಿ ಮುರಿಯುತ್ತದೆ. ಪರದೆಯ ಮೇಲಿನ ಗೆರೆಗೆ ದಪ್ಪವೂ ಇಲ್ಲ, ಬಿಗಿತವೂ ಇಲ್ಲ. ಬಟ್ಟೆಯ ಮೇಲಿನ ದಾರಕ್ಕೆ ಎರಡೂ ಇವೆ. ಹೊಲಿಗೆ ತನ್ನ ದಿಕ್ಕಿನಲ್ಲಿ ಬಟ್ಟೆಯನ್ನು ಒಳಕ್ಕೆ ಜಗ್ಗುತ್ತದೆ, ಅದರಿಂದ ಅಡ್ಡ ಹೊಲಿಗೆಗಳಿಂದ ತುಂಬಿದ ವೃತ್ತ ಬಟ್ಟೆಯ ಮೇಲೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಬಟ್ಟೆಯಡಿ ಗಟ್ಟಿ ಪೇಪರ್ ಇಡಬೇಕು, ಸ್ಯಾಟಿನ್ ಹಾಕುವ ಮುನ್ನ ಅಡಿಹೊಲಿಗೆ ಹಾಕಬೇಕು, ಜರಿ ದಾರಕ್ಕೆ ಯಂತ್ರದ ವೇಗ ತಗ್ಗಿಸಬೇಕು. ಜಾರ್ಜೆಟ್ ಹೇಗೆ ಸುಕ್ಕಾಗುತ್ತದೆ, ಯಾವ ರೇಷ್ಮೆ ಎಷ್ಟು ಜಗ್ಗುತ್ತದೆ ಎಂದು ವರ್ಷಗಟ್ಟಲೆ ಕೈಯಾಡಿಸಿದವರಿಗೆ ಇದನ್ನೆಲ್ಲ ಪಾಠ ಮಾಡಬೇಕಾಗಿಲ್ಲ. ಪ್ರೋಗ್ರಾಮಿನಲ್ಲಿ ಅದನ್ನು ಹೇಳುವ ಬ್ಲಾಕ್ ಯಾವುದೆಂದು ತೋರಿಸಿದರೆ ಸಾಕು. ಎಸಳು ನಡುವಿನಿಂದಲೇ ಹೊರಡದೆ ಐದು ಹೆಜ್ಜೆ ಆಚೆಯಿಂದ ಹೊರಡಲಿ ಎಂದು ಒಂದು ಬ್ಲಾಕ್ ಸೇರಿಸಿದರೆ ತೂತಿನ ತೊಂದರೆ ತಪ್ಪುತ್ತದೆ.

ಬ್ಲೌಸ್ ಹೊಲಿಯುವವರಿಗೆ ಹೆಚ್ಚು ಉಪಯೋಗವಾಗುವುದು ಅಳತೆಯ ವಿಚಾರದಲ್ಲಿ. ಕೊಂಡು ತಂದ ಡಿಸೈನನ್ನು ಯಂತ್ರದಲ್ಲೇ ಹಿಗ್ಗಿಸಿದರೆ ಸಾಮಾನ್ಯವಾಗಿ ಹೊಲಿಗೆಗಳೂ ಹಿಗ್ಗಿ ದಾರದ ನಡುವೆ ಬಟ್ಟೆ ಇಣುಕುತ್ತದೆ. ಕುಗ್ಗಿಸಿದರೆ ಹೊಲಿಗೆಗಳು ಒತ್ತೊತ್ತಾಗಿ ಬಟ್ಟೆ ಬಿರುಸಾಗುತ್ತದೆ. ಪ್ರೋಗ್ರಾಮಿನಲ್ಲಿ ಬರೆದ ಡಿಸೈನಿಗೆ ಈ ತೊಡಕಿಲ್ಲ. ಅಳತೆಯನ್ನು ಬದಲಿಸಿದರೆ ಹೊಲಿಗೆಯ ಉದ್ದ ಎರಡು ಮಿಲಿಮೀಟರೇ ಉಳಿದು, ಹೊಲಿಗೆಗಳ ಸಂಖ್ಯೆ ಹೊಸದಾಗಿ ಲೆಕ್ಕವಾಗುತ್ತದೆ. ಕತ್ತಿನ ಸುತ್ತಳತೆ 60 ಸೆಂಟಿಮೀಟರ್ ಇದ್ದರೆ ನಾಲ್ಕು ಸೆಂಟಿಮೀಟರಿನ 15 ಹೂ. 64 ಇದ್ದರೆ 16 ಹೂ. 62 ಬಂದರೆ 15 ಹೂಗಳ ನಡುವೆ ಉಳಿದ ಎರಡು ಸೆಂಟಿಮೀಟರನ್ನು ಸಮನಾಗಿ ಹಂಚು. ನೆರಿಗೆ ಹಿಡಿಯುವಾಗ ಯಾವ ಟೈಲರಾದರೂ ಬಾಯಲ್ಲೇ ಮಾಡುವ ಭಾಗಾಕಾರ ಇದು. ಒಮ್ಮೆ ಅದನ್ನು ಬ್ಲಾಕುಗಳಲ್ಲಿ ಜೋಡಿಸಿಟ್ಟರೆ ಮುಂದಿನ ಗಿರಾಕಿಗೆ ಸುತ್ತಳತೆಯ ಒಂದು ಅಂಕಿ ಬದಲಿಸಿದರೆ ಮುಗಿಯಿತು.

ಸೂಜಿಯ ದಾರಿಯನ್ನು ಮೊದಲೇ ಯೋಚಿಸುವ ಈ ಕಲೆ ಕರ್ನಾಟಕಕ್ಕೆ ಹೊಸದೇ? ಧಾರವಾಡದ ಕಸೂತಿಯನ್ನು ನೋಡಿದವರು ಹಾಗೆ ಹೇಳಲಾರರು. 2006ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಈ ಕಲೆಯಲ್ಲಿ ಗಾವಂತಿ, ಮುರಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳಿವೆ. ಗೋಪುರ, ಆನೆ ಅಂಬಾರಿ, ತೇರು, ತುಳಸಿಕಟ್ಟೆ, ತೊಟ್ಟಿಲು ಎಲ್ಲವೂ ಬಟ್ಟೆಯ ಎಳೆ ಎಣಿಸಿ ಹಾಕಿದವು. ಗಾವಂತಿಯ ನಿಯಮ ಕಠಿಣವಾದದ್ದು: ದಾರಕ್ಕೆ ಗಂಟು ಹಾಕುವಂತಿಲ್ಲ, ಬಟ್ಟೆಯ ಎರಡೂ ಮುಖ ಒಂದೇ ತೆರ ಕಾಣಬೇಕು. ಹೋಗುವಾಗ ಒಂದು ಬಿಟ್ಟು ಒಂದು ಮನೆಗೆ ಹೊಲಿಗೆ, ಬರುವಾಗ ಬಿಟ್ಟ ಮನೆಗಳ ಭರ್ತಿ. ನೇರ ಗೆರೆಯಲ್ಲಿ ಇದು ಸುಲಭ. ಆದರೆ ಗೋಪುರದ ಗೆರೆಗಳು ಕವಲೊಡೆಯುತ್ತವೆ, ಕೂಡುತ್ತವೆ, ಸುತ್ತುತ್ತವೆ. ಎಲ್ಲಿಂದ ಹೊರಟು ಯಾವ ಕವಲನ್ನು ಮೊದಲು ಹಿಡಿದರೆ ಒಂದೂ ಮನೆ ಬಿಡದೆ ಹೊರಟಲ್ಲಿಗೇ ಮರಳಬಹುದು?

ಇದಕ್ಕೆ ಬಂಧುವಾದ ಪ್ರಶ್ನೆಯನ್ನು ಬಿಡಿಸಿದ್ದು ಗಣಿತಜ್ಞ ಆಯ್ಲರ್, 1736ರಲ್ಲಿ. ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನು ತಲಾ ಒಂದೇ ಸಲ ದಾಟಿ ಬರಲು ಸಾಧ್ಯವೇ ಎಂಬ ಪ್ರಶ್ನೆಗೆ, ಸಾಧ್ಯವಿಲ್ಲವೆಂದು ತೋರಿಸಿದರು. ಯಾವ ಯಾವ ಕೂಡುಜಾಗಕ್ಕೆ ಎಷ್ಟೆಷ್ಟು ದಾರಿಗಳು ಬಂದು ಸೇರುತ್ತವೆ, ಆ ಸಂಖ್ಯೆ ಸಮವೋ ಬೆಸವೋ ಎಂಬುದರ ಮೇಲೆ ಉತ್ತರ ನಿಂತಿದೆ. ಗಾವಂತಿಯಲ್ಲಿ ಪ್ರತಿ ಗೆರೆಯನ್ನೂ ಎರಡು ಸಲ ಹಾಯುವುದರಿಂದ ಎಲ್ಲ ಕಡೆಯೂ ಲೆಕ್ಕ ಸಮಸಂಖ್ಯೆಗೇ ಬರುತ್ತದೆ. ಕೂಡಿಕೊಂಡಿರುವ ಯಾವ ಚಿತ್ರವನ್ನಾದರೂ ಹೊರಟಲ್ಲಿಗೇ ಬಂದು ಮುಗಿಸಬಹುದು. ಉಪಾಯವೂ ಇದೆ: ಕವಲು ಸಿಕ್ಕಿದಾಗ ಅದರ ತುದಿ ಮುಟ್ಟಿ ವಾಪಸ್ ಬಂದು, ಆಮೇಲೆ ಮುಖ್ಯ ದಾರಿ ಹಿಡಿಯುವುದು. ಕವಲಿಗೆ ಕವಲು ಸಿಕ್ಕರೆ ಅಲ್ಲೂ ಇದೇ ನಿಯಮ. ಐರೋಪ್ಯ ಕಸೂತಿಯ ಇಂಥದೇ ಹೊಲಿಗೆಯ ಮೇಲೆ ಗಣಿತಜ್ಞ ಜಾಶುವಾ ಹೋಲ್ಡನ್ 2007ರಲ್ಲಿ ಬಂದ ಗ್ರಂಥವೊಂದರಲ್ಲಿ ವಿವರವಾಗಿ ಬರೆದಿದ್ದಾರೆ. ಕಂಪ್ಯೂಟರ್ ವಿದ್ಯಾರ್ಥಿಗಳು ಎಂಜಿನಿಯರಿಂಗ್‌ನಲ್ಲಿ ತಿಣುಕಾಡಿ ಕಲಿಯುವ ‘ಆಳಕ್ಕಿಳಿದು ಹುಡುಕುವ’ ಕ್ರಮವೂ ಇದೇ. ಓದು ಬರಹ ಬಾರದ ಅಜ್ಜಿಯರು ಅದನ್ನು ಇಳಕಲ್ ಸೀರೆಯ ಮೇಲೆ ತಲೆಮಾರುಗಳಿಂದ ಹಾಕುತ್ತ ಬಂದಿದ್ದಾರೆ.

ಈ ಉಪಾಯ ಯಂತ್ರಕ್ಕೂ ಲಾಭದ್ದು. ಸೂಜಿ ಒಂದೆಡೆಯಿಂದ ಇನ್ನೊಂದೆಡೆಗೆ ಹಾರಿದಾಗಲೆಲ್ಲ ದಾರ ಕತ್ತರಿಸಬೇಕು, ತುದಿ ಬಿಗಿಯಬೇಕು, ಹೊತ್ತು ಹಾಳು. ಕಸೂತಿಯ ಕ್ರಮದಲ್ಲಿ ದಾರಿ ಹಾಕಿದರೆ ಇಡೀ ಗೋಪುರ ಒಂದೂ ಹಾರಿಕೆಯಿಲ್ಲದೆ ಮುಗಿಯುತ್ತದೆ. ಆದರೂ ಯಂತ್ರದಲ್ಲಿ ಹೊಲಿದದ್ದು ಕಸೂತಿ ಅಲ್ಲ. ಕೈಯಲ್ಲಿ ಒಂದೇ ದಾರ ಬಟ್ಟೆಯ ಎರಡೂ ಮುಖಗಳಲ್ಲಿ ಹಾಯುತ್ತದೆ. ಯಂತ್ರದಲ್ಲಿ ಮೇಲಿನ ದಾರವೇ ಬೇರೆ, ಕೆಳಗಿನ ಬಾಬಿನ್ ದಾರವೇ ಬೇರೆ. ತಿರುಗಿಸಿ ನೋಡಿದರೆ ಗುಟ್ಟು ರಟ್ಟು. ಕಸೂತಿಯಿಂದ ದಾರಿಯ ಲೆಕ್ಕವನ್ನು ಕಲಿಯೋಣ. ಯಂತ್ರದ ಕೆಲಸವನ್ನು ಕಸೂತಿ ಎಂದು ಮಾರಿ ಧಾರವಾಡದ ಹೆಂಗಸರ ಅನ್ನಕ್ಕೆ ಕೈ ಹಾಕುವುದು ಬೇಡ.

ಹಾಗೆ ನೋಡಿದರೆ ಸೂಜಿಗೆ ಪ್ರೋಗ್ರಾಮ್ ಬಂದದ್ದು ವಿದ್ಯುನ್ಮಾನ ಕಂಪ್ಯೂಟರಿಗಿಂತ ಮೊದಲೇ. ಫ್ರಾನ್ಸಿನ ಜಕಾರ್ಡ್ 1800ರ ದಶಕದ ಆರಂಭದಲ್ಲೇ ರಂಧ್ರ ಕೊರೆದ ಕಾರ್ಡುಗಳಿಂದ ಮಗ್ಗಕ್ಕೆ ಹೂ ನೇಯಲು ಹೇಳಿಕೊಟ್ಟಿದ್ದ. 1863ರಲ್ಲಿ ಸ್ವಿಟ್ಜರ್‌ಲೆಂಡಿನ ಐಸಾಕ್ ಗ್ರೋಬ್ಲಿ ‘ಶಿಫ್ಲಿ’ ಎಂಬ ಎಂಬ್ರಾಯ್ಡರಿ ಯಂತ್ರ ಕಟ್ಟಿದ. ಆಗ ಒಬ್ಬಾತ ದೊಡ್ಡದಾಗಿ ಬರೆದ ಚಿತ್ರದ ಮೇಲೆ ಕಡ್ಡಿ ಆಡಿಸುತ್ತಾ ಹೊಲಿಗೆ ಹೊಲಿಗೆಗೂ ಯಂತ್ರಕ್ಕೆ ದಾರಿ ತೋರಬೇಕಿತ್ತು. 1898ರ ಹೊತ್ತಿಗೆ ಐಸಾಕ್‌ನ ಮಗ ಆ ಕೆಲಸವನ್ನೂ ರಂಧ್ರದ ಕಾರ್ಡುಗಳಿಗೆ ಒಪ್ಪಿಸಿದ. ಕಾರ್ಡಿಗೆ ರಂಧ್ರ ಕೊರೆಯುವುದು ಒಂದು ಕಸುಬಾಯಿತು, ಯಂತ್ರಕ್ಕೆ ದಾರ ಪೋಣಿಸಿ ಕಾಯುವುದು ಇನ್ನೊಂದು ಕಸುಬಾಯಿತು. ಎರಡರ ನಡುವೆ ಎದ್ದ ಗೋಡೆ ಇವತ್ತಿಗೂ ಬಿದ್ದಿಲ್ಲ. ಕೆ.ಆರ್. ನಗರಕ್ಕೆ ತಮ್ಮ ಹೆಸರು ಕೊಟ್ಟ ನಾಲ್ವಡಿ ಕೃಷ್ಣರಾಜ ಒಡೆಯರ್ 1912ರಲ್ಲಿ ಮೈಸೂರಿನಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಆರಂಭಿಸಿದಾಗ ಯಂತ್ರ ನಮ್ಮ ಜಿಲ್ಲೆಗೆ ಬಂತು. ಯಂತ್ರಕ್ಕೆ ಹೇಳಿಕೊಡುವ ವಿದ್ಯೆ ಮಾತ್ರ ತಾಲ್ಲೂಕು ಕೇಂದ್ರದವರೆಗೆ ಬಂದು ಮುಟ್ಟಿಲ್ಲ.

ಇದರ ಬೆಲೆ ಹಣದ ಲೆಕ್ಕದಲ್ಲೂ ಇದೆ. ಕಂಪ್ಯೂಟರ್ ಎಂಬ್ರಾಯ್ಡರಿಯ ಕೂಲಿ ನಿಲ್ಲುವುದು ಸಾಮಾನ್ಯವಾಗಿ ಸಾವಿರ ಹೊಲಿಗೆಗೆ ಇಷ್ಟು ಎಂಬ ದರದ ಮೇಲೆ. ಟರ್ಟಲ್‌ಸ್ಟಿಚ್ ಪರದೆಯ ಮೇಲೆ ಹೊಲಿಗೆ ಎಷ್ಟು, ಹಾರಿಕೆ ಎಷ್ಟು, ಉದ್ದಗಲ ಎಷ್ಟು ಎಂಬುದು ಡಿಸೈನ್ ಬೆಳೆದಂತೆ ಕಾಣುತ್ತದೆ. ಹತ್ತು ಸೆಂಟಿಮೀಟರಿನ ಚೌಕವೊಂದನ್ನು ದಾರದಿಂದಲೇ ತುಂಬಬೇಕು ಎಂದುಕೊಳ್ಳಿ. ಸಾಲುಗಳ ನಡುವೆ 0.4 ಮಿಲಿಮೀಟರ್, ಹೊಲಿಗೆಯ ಉದ್ದ ನಾಲ್ಕು ಮಿಲಿಮೀಟರ್ ಎಂದರೆ 250 ಸಾಲು, ಸಾಲಿಗೆ 25ರಂತೆ 6,250 ಹೊಲಿಗೆ. ಅದರ ಬದಲು ಬಣ್ಣದ ತುಂಡುಬಟ್ಟೆ ಇಟ್ಟು ಅಂಚಿಗಷ್ಟೇ ಸ್ಯಾಟಿನ್ ಹೊಲಿದರೆ? ತುಂಡು ಎಲ್ಲಿ ಇಡಬೇಕೆಂದು ತೋರಿಸುವ ಗೆರೆ 200 ಹೊಲಿಗೆ, ಅದನ್ನು ಹಿಡಿದಿಡುವ ಗೆರೆ ಇನ್ನೊಂದು 200, ಸುತ್ತ ಅಂಚಿಗೆ 2,000. ಹೆಚ್ಚುಕಡಿಮೆ ಐದನೇ ಎರಡು ಭಾಗಕ್ಕೆ ಇಳಿಯಿತು. ತುಂಡುಬಟ್ಟೆ ಕೂಡಿಸಿ ಚಿತ್ರ ಕಟ್ಟುವ ಕಲೆಯನ್ನು ನೋಡಲು ದೂರ ಹೋಗಬೇಕಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ, 1963ರಲ್ಲಿ ಸ್ಥಾಪನೆಯಾದ ನಾಮ್‌ಡ್ರೋಲಿಂಗ್ ಮಠದಲ್ಲಿ, ಟಿಬೆಟನ್ನರ ಹೊಸ ವರ್ಷದ ಹೊತ್ತಿಗೆ ಕಟ್ಟಡದೆತ್ತರದ ಬಟ್ಟೆಯ ಥಾಂಕಾ ಬಿಡಿಸಿಡುತ್ತಾರೆ. ಟಿಬೆಟನ್ನರ ಇಂಥ ದೊಡ್ಡ ಥಾಂಕಾಗಳಲ್ಲಿ ರೇಷ್ಮೆಯ ತುಂಡುಗಳನ್ನು ಕೂಡಿಸಿ ಹೊಲಿದು ಮೂರ್ತಿಗಳನ್ನು ಮೂಡಿಸುವುದು ಬಹುಕಾಲದ ಪರಂಪರೆ.

‘ನಮ್ಮ ಹೆಣ್ಣುಮಕ್ಕಳಿಗೆ ಇದೆಲ್ಲ ಆಗುತ್ತದಾ?’ ಎಂದು ಕೇಳುವವರು ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರವನ್ನು ನೆನೆಯಲಿ. ಅಲ್ಲಿನ ಹಕ್ಕಿಪಿಕ್ಕಿ ಸಮುದಾಯದವರು ತಮ್ಮ ಕೂದಲೆಣ್ಣೆಯನ್ನು ಮೊಬೈಲ್ ವಿಡಿಯೊಗಳ ಮೂಲಕ ದೇಶದ ಉದ್ದಗಲಕ್ಕೂ ಮಾರಿದರು. ಮಾರ್ಕೆಟಿಂಗ್ ಕೋರ್ಸು ಮುಗಿಯಲಿ ಎಂದು ಯಾರೂ ಕಾಯಲಿಲ್ಲ. ಹೊಟ್ಟೆಪಾಡಿಗೆ ಹತ್ತಿರವಾದ ತಂತ್ರಜ್ಞಾನವನ್ನು ಜನ ಬೇಗ ಕಲಿಯುತ್ತಾರೆ. ದೂರವಾದದ್ದನ್ನು ಸರ್ಟಿಫಿಕೇಟಿಗಾಗಿ ಕಲಿತು ಮರೆಯುತ್ತಾರೆ.

ಸಾಮಗ್ರಿಗಳೂ ಚೆಲ್ಲಾಪಿಲ್ಲಿಯಾಗಿ ಬಿದ್ದಿವೆ, ಕೂಡಿಸುವವರು ಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ ಎಷ್ಟೋ ಊರುಗಳಲ್ಲಿ ಕಂಪ್ಯೂಟರ್ ಮತ್ತು ಇಂಟರ್‌ನೆಟ್ ಬಂದಿವೆ. ಬ್ರೌಸರ್ ತೆರೆದರೆ ಟರ್ಟಲ್‌ಸ್ಟಿಚ್‌ಗೆ ಅಷ್ಟು ಸಾಕು. ಐಟಿಐಗಳ ಪಠ್ಯಕ್ರಮದಲ್ಲಿ ಹೊಲಿಗೆ ತಂತ್ರಜ್ಞಾನ, ಎಂಬ್ರಾಯ್ಡರಿ ಎರಡೂ ಪ್ರತ್ಯೇಕ ಕಸುಬುಗಳಾಗಿವೆ. 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆಯ ಕೇಂದ್ರ ಮೈಸೂರಿನಲ್ಲೂ ಇದೆ. ಊಟ ವಸತಿ ಸಹಿತ ಉಚಿತ ತರಬೇತಿ ಕೊಡುವುದು ಅದರ ಪದ್ಧತಿ. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯೂ ಒಂದು. ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಶೇ 5ರ ಬಡ್ಡಿಯಲ್ಲಿ ಎರಡು ಕಂತಿನಲ್ಲಿ ಮೂರು ಲಕ್ಷದವರೆಗೆ ಸಾಲ ಅದರಲ್ಲಿದೆ.

ಎಂಬ್ರಾಯ್ಡರಿ ಯಂತ್ರ ಸಾದಾ ಹೊಲಿಗೆ ಯಂತ್ರದ ಹಲವು ಪಟ್ಟು ಬೆಲೆಯದ್ದು ನಿಜ. ಆದರೆ ಮನೆಗೊಂದು ಯಂತ್ರ ಬೇಕಾಗಿಲ್ಲ. ಹೊತ್ತು ಹಿಡಿಯುವುದು ಡಿಸೈನ್ ಮಾಡುವುದಕ್ಕೆ, ಯೋಚಿಸುವುದಕ್ಕೆ, ತಿದ್ದುವುದಕ್ಕೆ. ಅದನ್ನು ಎಲ್ಲಿಯಾದರೂ ಕೂತು ಮಾಡಬಹುದು. ಸಣ್ಣ ಡಿಸೈನಾದರೆ ಯಂತ್ರಕ್ಕೆ ನಿಮಿಷಗಳ ಕೆಲಸ. ಒಂದು ಸ್ತ್ರೀಶಕ್ತಿ ಸಂಘ ಒಂದು ಯಂತ್ರ ಇಟ್ಟುಕೊಂಡು, ಹತ್ತು ಸದಸ್ಯೆಯರು ತಮ್ಮ ತಮ್ಮ ಡಿಸೈನ್ ತಂದು ಸರದಿಯಲ್ಲಿ ಹೊಲಿದುಕೊಳ್ಳುವುದು ಅಸಾಧ್ಯವೇನಲ್ಲ. ಪ್ರೌಢಶಾಲೆಯ ಗಣಿತದ ಮೇಷ್ಟ್ರು ಕೋನ, ಅನುಪಾತ ಹೇಳಿಕೊಡಲಿ. ಊರಿನ ಟೈಲರಕ್ಕ ಬಟ್ಟೆ, ದಾರ, ಬಿಗಿತ ಹೇಳಿಕೊಡಲಿ. ಇಬ್ಬರಿಗೂ ಗೌರವಧನ ಒಂದೇ ಇರಲಿ, ಏಕೆಂದರೆ ಇಬ್ಬರಲ್ಲಿ ಒಬ್ಬರಿಲ್ಲದಿದ್ದರೂ ಹೂವಿನ ನಡುವೆ ತೂತು ಬೀಳುತ್ತದೆ.

ಎಲ್ಲ ಬಗೆಯ ಕೆಲಸಕ್ಕೂ ಇದು ಮದ್ದಲ್ಲ. ಗರಿ ಗರಿಯೂ ಬೇರೆಯಾಗಿರುವ ನವಿಲನ್ನೋ ದೇವರ ಮುಖವನ್ನೋ ಬ್ಲಾಕುಗಳಿಂದ ಕಟ್ಟುವುದು ವ್ಯರ್ಥ ಪ್ರಯಾಸ. ಅದಕ್ಕೆ ಚಿತ್ರಕಾರರ ಕೈಯೇ ಸರಿ. ಬ್ಲಾಕ್ ಕೋಡಿಂಗ್ ಗೆಲ್ಲುವುದು ಅಂಚು, ಬಳ್ಳಿ, ಜಾಲರಿ, ರಂಗೋಲಿಯಂಥ ಲೆಕ್ಕದ ವಿನ್ಯಾಸಗಳಲ್ಲಿ. ರವಿಕೆಯ ತೋಳಿಗೂ ಕತ್ತಿಗೂ ಹೆಚ್ಚು ಓಡುವುದು ಇವೇ ಎಂಬುದು ಅಂಗಡಿಯವರಿಗೆ ಗೊತ್ತು.

ಇವತ್ತು ಹುಣಸೂರಿನಲ್ಲಿ ಹೊಲಿದ ಪ್ರತಿ ಕಂಪ್ಯೂಟರ್ ಬ್ಲೌಸಿನಲ್ಲೂ ಡಿಸೈನಿನ ಪಾಲು ಹೊರಗೆ ಹೋಗುತ್ತದೆ, ಹೊಲಿಗೆಯ ಕೂಲಿ ಮಾತ್ರ ಇಲ್ಲಿ ಉಳಿಯುತ್ತದೆ. ಎರಡೂ ಇಲ್ಲೇ ಉಳಿಯಬೇಕೆಂದರೆ ಹೊಸ ಕಟ್ಟಡ, ಹೊಸ ಯೋಜನೆ, ಹೊಸ ಹೆಸರು ಯಾವುದೂ ಬೇಡ. ತರಬೇತಿಯ ಅರ್ಜಿ ನಮೂನೆಯಲ್ಲಿ ‘ಕಂಪ್ಯೂಟರ್’ ಮತ್ತು ‘ಟೈಲರಿಂಗ್’ ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ ಎಂದು ಹೆಣ್ಣುಮಕ್ಕಳಿಗೆ ಹೇಳುವುದನ್ನು ಮೊದಲು ನಿಲ್ಲಿಸಬೇಕು.